ಅಕ್ಕ ಕೆಚ್ಚಿದ ಹಾಸು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರನ್ನೂ ನಂಬದ ಒಂದು ವಾರ ಬಂದಿತ್ತು. ಬೆಕ್ಕು ಹೊಸ್ತಿಲು ದಾಟಿದರೂ ಇದನ್ನು ಯಾರು ಕಳಿಸಿದರೋ ಎಂಬಂತೆ ಅವ್ವ ನೋಡುತ್ತಿದ್ದಳು. ಆ ವಾರದ ಕೊನೆಯ ದಿನದ ಮಾತು ಹೇಳುತ್ತೇನೆ, ಕೇಳಿ ಮಕ್ಕಳೇ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಮನೆ ತುಂಬ ಲಾಳಿಯ ಸದ್ದು, ಗಂಜಿಯ ವಾಸನೆ. ಮಗ್ಗ ನಮ್ಮದು, ನೂಲು ಸಾಹುಕಾರರದು. ನೇಯ್ದ ಸೀರೆ ಅವರಿಗೆ ಹೋಗುತ್ತಿತ್ತು, ಕೂಲಿ ನಮಗೆ ಬರುತ್ತಿತ್ತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಳೆಯ ಹಾಸು ತೀರುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ಬೆರಳಿಗೆ ಬೂದಿ ಹಚ್ಚಿಕೊಂಡು ಕೆಚ್ಚುವ ಕೆಲಸ ನಮ್ಮ ಅಕ್ಕನದು. ಸಾಹುಕಾರರ ಹಾಸು ಒಮ್ಮೆ ಕೆಚ್ಚಿದರೆ, ಅದು ತೀರುವ ತನಕ ಅಪ್ಪ ಅವರ ಕೆಲಸದವನೇ. ಬಿಡುವುದಿದ್ದರೆ ಹಳೆಯದು ತೀರಿ ಹೊಸದು ಕೆಚ್ಚುವ ನಡುವಿನ ಆ ಒಂದು ದಿನವೇ ಬಿಡಬೇಕು.

ಅಪ್ಪ ಬಿಡಲು ಮನಸ್ಸು ಮಾಡಿದ್ದ. ರೋಣದಿಂದ ನೂಲು ತಂದು, ಸವಡಿಯ ಸೋದರಮಾವನ ಮನೆಯಲ್ಲಿ ತನ್ನದೇ ಹಾಸು ಮಾಡಿಸಿ, ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದ. ಇನ್ನು ಮೇಲೆ ತನ್ನ ನೂಲು, ತನ್ನ ಸೀರೆ, ಮಾರುವುದೂ ತಾನೇ. ಸಾಹುಕಾರರಿಗೆ ಗೊತ್ತಾದರೆ ಸೀರೆ ಕೊಳ್ಳುವ ಅಂಗಡಿಯವರನ್ನೆಲ್ಲ ತಡೆದಾರು ಎಂಬ ಅಂಜಿಕೆ ಅವನಿಗೆ. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ನೋಡ್ರಿ ಮತ್ತ" ಎಂದು ನಮಗೆಲ್ಲ ತಾಕೀತು ಮಾಡಿದ್ದ.

ಆದರೆ ಹತ್ತು ಸಲ ಕೇಳಿದರೂ ಬೇಗ ಬಾರದ ಸಾಹುಕಾರರ ಹಾಸು, ಆ ಸಲ ಕೇಳದೆಯೇ ನಾಲ್ಕು ದಿನ ಮೊದಲು ಬಂತು. ಅಪ್ಪನ ಮುಖ ಇಳಿಯಿತು. ಯಾರೋ ಹೇಳಿದ್ದಾರೆ! ಅವ್ವನ ಸಂಶಯ ಪಕ್ಕದ ಮನೆಯ ಅಜ್ಜಿಯ ಮೇಲೆ ಹೋಯಿತು. ಅಪ್ಪ ಸವಡಿಯಿಂದ ಗಂಟು ಹೊತ್ತು ಬಂದದ್ದನ್ನು ಕಂಡವಳು ಅವಳೊಬ್ಬಳೇ. ದಿನಾ ಅವಳ ಮನೆಯಿಂದ ಬರುತ್ತಿದ್ದ ಮಜ್ಜಿಗೆಯನ್ನು ಅವ್ವ ಬೇಡವೆಂದಳು. ನಾವು ಬರೀ ಖಾರ ಹಚ್ಚಿಕೊಂಡು ರೊಟ್ಟಿ ತಿಂದೆವು. ನಾನಂತೂ ಓಣಿಯಲ್ಲಿ ಕೆಮ್ಮಿದವರನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದೆ.

ಹಳೆಯ ಹಾಸು ಮುಗಿದ ದಿನ ಬೆಳಿಗ್ಗೆ ಸಾಹುಕಾರರೇ ಬಂದರು. ಎಂದೂ ನಮ್ಮ ಹೊಸ್ತಿಲು ತುಳಿಯದವರು, ಬುಂದೆ ಉಂಡಿಯ ಪೊಟ್ಟಣ ಹಿಡಿದು, ನಗುನಗುತ್ತ ಕಂಬಳಿಯ ಮೇಲೆ ಕೂತರು. ತುಪ್ಪದ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಅವ್ವ ಕಣ್ಣಲ್ಲೇ ಗದರಿಸಿದಳು.

"ನೀ ಇನ್ನ ಕುಣ್ಯಾಗ ಕುಂಡ್ರೂದು ಬ್ಯಾಡ" ಎಂದರು ಸಾಹುಕಾರರು. "ನನ್ನ ಮಗ್ಗ ಎಲ್ಲಾ ನೀನ ನೋಡ್ಕೋ. ಮಳಿ ಬರ್ಲಿ ಬಿಡ್ಲಿ, ತಿಂಗಳಾ ಪಗಾರ ಕೊಡ್ತೀನಿ."

ತಿಂಗಳ ಪಗಾರ! ಮಳೆಗಾಲದಲ್ಲಿ ಕುಣಿಗೆ ನೀರು ನುಗ್ಗಿ ಮಗ್ಗ ನಿಂತಾಗ ನಾವು ಅರೆಹೊಟ್ಟೆ ಉಣ್ಣುತ್ತಿದ್ದೆವು. ಅವ್ವ ಅಪ್ಪನ ಮುಖವನ್ನೇ ನೋಡಿದಳು. ಅಪ್ಪ ತಡೆಯಲಾರದೆ ಕೇಳಿಬಿಟ್ಟ: "ಸಾಹುಕಾರ್ರ, ನಿಮಗ ಯಾರ ಹೇಳಿದ್ರೀ?"

"ಯಾರ ಯಾಕ ಹೇಳ್ಬೇಕೋ? ಹಾಸು ತೀರಾಕ ಬಂತಂದ್ರ, ಹೊಸಾದು ಕೊಡ್ರಿ ಅಂತ ನೀ ದಿನಾ ಬೆನ್ನ ಹತ್ತಾಂವ. ಈ ಸಲ ನಮ್ಮ ಮನೀ ಕಡೆ ಹಾಯಲೇ ಇಲ್ಲ. ನನಗ ತಿಳೀಲಿಲ್ಲೇನು?"

ಗುಟ್ಟು ಕಾಯಲು ಹೋಗಿ ಅಪ್ಪನೇ ಗುಟ್ಟು ಬಿಟ್ಟುಕೊಟ್ಟಿದ್ದ. ಅವ್ವ ತಲೆ ತಗ್ಗಿಸಿದಳು. ಆಗ ಅಕ್ಕ ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತ, ಸಾಹುಕಾರರ ಎದುರಿಗೇ ಕೇಳಿದಳು: "ಅಪ್ಪಾ, ಯಾವ ಹಾಸು ಕೆಚ್ಚಲಿ?"

ಅಪ್ಪ ಉಂಡಿ ನೋಡಿದ, ಸಾಹುಕಾರರ ನಗು ನೋಡಿದ. ಅವರು ಬೈದಿದ್ದರೆ ಹೆದರಿ ಉಳಿಯುತ್ತಿದ್ದನೋ ಏನೋ. ಆ ಸಿಹಿಯೇ ಅವನಿಗೆ ಸಂಶಯ ತಂದಿತು. ಇಷ್ಟು ವರ್ಷ ಇಲ್ಲದ ಅಕ್ಕರೆ ಈಗೆಲ್ಲಿಂದ ಬಂತು?

"ನಮ್ದ ಕೆಚ್ಚವಾ" ಎಂದ.

ಸಾಹುಕಾರರು ತಮ್ಮ ಹಾಸನ್ನು ಬಗಲಿಗೆ ಏರಿಸಿಕೊಂಡು ಎದ್ದರು. "ಆಗ್ಲಿಲ್ಲಂದ್ರ ಬಾ ಮತ್ತ" ಎಂದರು. ಅದು ಅಂತಃಕರಣದ ಮಾತೋ ಚುಚ್ಚುಮಾತೋ, ಇವತ್ತಿಗೂ ನನಗೆ ತಿಳಿದಿಲ್ಲ. ಅವರು ಹೋದ ಮೇಲೆ ಅವ್ವ ತಂಬಿಗೆ ಹಿಡಿದು ಪಕ್ಕದ ಮನೆಗೆ ಹೋಗಿ, ತಾನಾಗಿಯೇ ಮಜ್ಜಿಗೆ ಕೇಳಿದಳು. ಅಜ್ಜಿ ತುಂಬಿಸಿ ಕೊಟ್ಟಳು. ಅವ್ವ ಅಳುತ್ತ ಮನೆಗೆ ಬಂದಳು.

ಅಪ್ಪ ಸೀರೆಯ ಗಂಟು ಹೊತ್ತು ರೋಣ, ನರಗುಂದದ ಸಂತೆ ತಿರುಗಿದ. ಮುಂದೆಯೂ ಕೆಲವು ಮಳೆಗಾಲ ಅರೆಹೊಟ್ಟೆಯಲ್ಲೇ ಕಳೆದೆವು. ಸಾಹುಕಾರರ ಮನೆಗೆ ಮಾತ್ರ ಅವನು ಮತ್ತೆ ಹೋಗಲಿಲ್ಲ.

ಈಗ ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡವಳು ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಮನೆಯಲ್ಲೇ ಕೂತು ಮೊಬೈಲಿನಲ್ಲಿ ಫೋಟೋ ಹಾಕಿ ಸೀರೆ ಮಾರುತ್ತಿದ್ದಾಳೆ. ನೀವು ಏನನ್ನೂ ಬಚ್ಚಿಡಬೇಕಾಗಿಲ್ಲ, ಬೇಕಾದ ದಿನ ಬಿಡಬಹುದು. ಒಳ್ಳೆಯದೇ ಆಯಿತು. ಆದರೆ ಕೆಲಸ ಬಿಡುತ್ತೇನೆಂದು ಅವಳು ಬರೆದು ಕಳಿಸಿದಾಗ, ಮೂರು ವರ್ಷ ದುಡಿಸಿಕೊಂಡ ಮಾಲಕ ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿದನಂತೆ, ಅಷ್ಟೇ. ಇದನ್ನು ಹೇಳಿ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪ ನಾಲ್ಕು ದಿನ ಹಾಯದಿದ್ದುದಕ್ಕೆ ಸಾಹುಕಾರರು ಮನೆ ಹುಡುಕಿಕೊಂಡು ಬಂದಿದ್ದರು. ನಮ್ಮ ಹುಡುಗಿಯನ್ನು ಇರು ಎನ್ನಲು ಯಾರೂ ಬರಲಿಲ್ಲ.