ಎಂಟು ಬೆರಳಿನ ಈಡು

ಅಪ್ಪನ ಕೇಪಿನ ಕೋವಿ ನನ್ನ ಪಾಲಿಗೆ ಬಂದಾಗ ಲೈಸೆನ್ಸೂ ನನ್ನ ಹೆಸರಿಗೇ ಆಯಿತು. ನಮ್ಮ ಮನೆಯವರು ಅದನ್ನು ಮುಟ್ಟುವವರಲ್ಲ. ನಾನು ಈಡು ತುಂಬಲು ಕೂತರೆ ಜಗಲಿಯ ಆ ತುದಿಗೆ ಹೋಗಿ ನಿಲ್ಲುತ್ತಾರೆ. ಹಗ್ಗ ಕಂಡರೂ ಹಾವು ಅನ್ನುವ ಗಂಡಸು ಎಂದು ಮದುವೆಯಾದಾಗಿನಿಂದ ಆಡಿಕೊಂಡೇ ಬಂದಿದ್ದೇನೆ. ವನಗೂರಿನ ಕಡೆ ಕೋವಿಗೆ ಹೆದರುವ ತೋಟದ ಯಜಮಾನ ಎಂದರೆ ನಗದೆ ಇರುವವರು ಯಾರು?

ಕೋವಿ ಇರುವುದು ಮಂಗ ಓಡಿಸಲು. ಚರೆ, ಗುಂಡು ಏನೂ ಹಾಕುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು, ಗಜ ಎನ್ನುವ ಉದ್ದ ಸರಳಿನಿಂದ ಜಡಿದರೆ ಸದ್ದಿಗೆ ಸಾಕು. ಅಪ್ಪ ಕಲಿಸಿದ್ದು ಒಂದೇ ಮಾತು: ಈಡು ತುಂಬಿದ ಮೇಲೆ ಗಜ ನಳಿಗೆಯಿಂದ ನಾಲ್ಕು ಬೆರಳು ಹೊರಗೆ ನಿಲ್ಲಬೇಕು. ಅದಕ್ಕಿಂತ ಹೆಚ್ಚಾದರೆ ಹಳೇ ಕಬ್ಬಿಣ ತಡೆಯುವುದಿಲ್ಲ, ನಳಿಗೆ ಒಡೆದು ಹೊಡೆದವರ ಮುಖಕ್ಕೇ ಬರುತ್ತದೆ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಮಂಗಗಳು ಕಿತ್ತಳೆ ಗಿಡಗಳಿಗೆ ನುಗ್ಗಿದ್ದವು. ಈಡು ತುಂಬಿ ಮುಗಿಸುವಷ್ಟರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಫೋನು. ಜಗಲಿಯಲ್ಲಿ ಮಾತು ಕೇಳುವಷ್ಟು ಸಿಗ್ನಲ್ ಇಲ್ಲ, ಕಾಫಿ ಒಣಗಿಸುವ ಕಣದವರೆಗೆ ಓಡಿದೆ. ಆಳುಗಳ ಲೈನ್ ಮನೆಗಳಿಗೆ ನೀರೆತ್ತುವ ಮೋಟಾರು ಮತ್ತೆ ಸುಟ್ಟಿದೆಯಂತೆ. ಅವನಿಗೆ ಬೈದೆ. ಬೈದದ್ದು ಸಾಲದೆಂದು ದಾರಿಯುದ್ದಕ್ಕೂ ಗೊಣಗುತ್ತಾ ವಾಪಸು ಬಂದು ಮದ್ದು ಸುರಿದೆ, ನಾರು ಜಡಿದೆ. ಇನ್ನು ಕಿಡಿ ಹಾರಿಸುವ ಕೇಪು ಇಡುವುದೊಂದೇ ಬಾಕಿ.

"ಗಜ ಇಟ್ಟು ಅಳೆದ್ಬುಡು ಮಾರಾಯ್ತಿ," ಅಂದರು ಇವರು ಆ ತುದಿಯಿಂದ.

"ಅಳೆಯೋಕೆ ಏನೈತೆ? ಅಲ್ಲೀವರ್ಗೂ ಮಂಗ ಕಾಯ್ಕೊಂಡು ಕೂತಿರ್ತಾವಾ?"

"ಫೋನಿಗೆ ಹೋಗೋಕೆ ಮುಂಚೇನೂ ಜಡಿದಂಗಿತ್ತು ಕಣೆ."

ಇವರ ಬಾಯಿ ಮುಚ್ಚಿಸಬೇಕೆಂದೇ ಗಜ ಇಳಿಬಿಟ್ಟೆ. ಹೊರಗೆ ನಿಂತ ಭಾಗಕ್ಕೆ ನಾಲ್ಕು ಬೆರಳು ಇಟ್ಟೆ. ಅದರ ಮೇಲೆ ಇನ್ನೊಂದು ಕೈಯ ನಾಲ್ಕು ಬೆರಳೂ ಹಿಡಿಸಿದವು.

ಆಗಲೂ ನಾನು ಸೋಲಲಿಲ್ಲ. ನಾರು ನಡುವೆ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದೆ. ಇವರು ಚೊಂಬಿನಲ್ಲಿ ನೀರು ತಂದುಕೊಟ್ಟರು. ನಳಿಗೆಗೆ ಹೊಯ್ದು, ಮದ್ದು ನೆನೆಯುವವರೆಗೆ ಕಾದು, ಗಜದ ತುದಿಯ ತಿರುಪಿನಿಂದ ಎಳೆದೆ. ಒಂದು ಉಂಡೆ ಬಂತು, ಕರೀ ಕೆಸರು ಬಂತು, ಅದರ ಹಿಂದೆ ಇನ್ನೊಂದು ಉಂಡೆ.

ಅಲ್ಲೇ ಕೂತುಬಿಟ್ಟೆ. ಬದುಕಿದೆನಲ್ಲ ಎಂದು ಸಂತೋಷ, ಇವರ ಮುಂದೆ ಮರ್ಯಾದೆ ಹೋಯಿತಲ್ಲ ಎಂದು ಸಂಕಟ. ಸಂತೋಷವೇ ಹೆಚ್ಚು, ತಡೆಯಲಾರದಷ್ಟು ನಗು ಬಂತು.

"ನೀವೂ ನಕ್ಬುಡಿ. ಇವತ್ತು ನಿಮ್ಮ ಪುಕ್ಕಲುತನಾನೇ ಗೆದ್ದಿರೋದು."

ಅವರು ನಗಲಿಲ್ಲ. "ನಂಗೆ ಕೋವಿ ಹೆದ್ರಿಕೆ ಇಲ್ಲ ಕಣೆ. ನೀನು ಅದಕ್ಕೆ ಕೆನ್ನೆ ಒತ್ತಿ ಹಿಡೀತೀಯಲ್ಲ, ಅದನ್ನ ನೋಡೋಕಾಗಲ್ಲ."

ನನ್ನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಕೆನ್ನೆ ಇದ್ದಲ್ಲೇ ಇತ್ತು.