ಗಾಳಿಗೆ ಹಾರಿದ ಮೀನು

ಬಿಸಿ ತಿಂಡಿಯ ಮೇಲೆ ಉದುರಿಸಿದ ಒಣಮೀನಿನ ಚಕ್ಕೆಗಳು ಕುಣಿಯುತ್ತವೆ ಎಂದರೆ ನೀವು ನಂಬಲಿಕ್ಕಿಲ್ಲ. ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಮೀನನ್ನು ಜಪಾನಿನವರು ಬಡಗಿಯ ಉಜ್ಜುಗೊರಡಿನಂಥದ್ದರಲ್ಲಿ ಹೆರೆಯುತ್ತಾರೆ. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಆ ಚಕ್ಕೆಗಳು ಹಬೆ ತಾಗಿದೊಡನೆ ಮೈಮುರಿದು, ಬಳುಕಿ, ಸತ್ತ ಮೇಲೂ ನಾಟ್ಯಾಭ್ಯಾಸ ಬಿಡದ ನರ್ತಕಿಯರಂತೆ ಆಡುತ್ತವೆ. ಮೈಸೂರಿನ ಸಸ್ಯಾಹಾರಿಯಾದ ನಾನು ಇದನ್ನು ನೋಡಲೆಂದೇ ಕ್ರೈಸ್ಟ್‌ಚರ್ಚ್‌ನ ಶನಿವಾರದ ಸಂತೆಯಲ್ಲಿ ಮಿಚಿಕೊ ಎಂಬ ಜಪಾನಿ ಮಹಿಳೆಯ ತಿಂಡಿಯಂಗಡಿಯೆದುರು ನಿಲ್ಲುತ್ತಿದ್ದೆ. ನಾಲಗೆಗೆ ನಿಷಿದ್ಧವಾದದ್ದೆಲ್ಲ ಕಣ್ಣಿಗೂ ನಿಷಿದ್ಧವಲ್ಲವಷ್ಟೆ.

ನನ್ನ ಜೊತೆಗಾರ ಲ್ಯಾನ್ಸಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮಂಗಳೂರಿನಲ್ಲಿ ಹುಟ್ಟಿಯೂ ಮೀನು ಮೈಗೆ ಒಗ್ಗದ ದುರದೃಷ್ಟವಂತ; ಚೂರು ಹೊಟ್ಟೆಗೆ ಹೋದರೂ ಗಂಟಲು ಕಟ್ಟಿ ಉಸಿರು ನಿಲ್ಲಿಸುವಂಥ ಅಲರ್ಜಿ. ಅದಕ್ಕೆಂದೇ ಅವನ ಜೇಬಿನಲ್ಲಿ ಸದಾ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನು. ಮಿಚಿಕೊಗೆ ಇದೆಲ್ಲ ಗೊತ್ತಿತ್ತು. ಅವನು ಬಂದರೆ ಬೇರೆ ಹಿಟ್ಟು, ಬೇರೆ ಕಾವಲಿ, ಬೇರೆ ಸಟ್ಟುಗ. ಎಲೆಕೋಸಿನ ದಪ್ಪ ದೋಸೆ ಹೊಯ್ದು, ಮೇಲೆ ಬರೀ ಉಪ್ಪು ಉದುರಿಸಿ ಕೊಡುತ್ತಿದ್ದರು.

ಆ ಶನಿವಾರ ವಾಯವ್ಯದ ಬಿಸಿಗಾಳಿ ಎದ್ದಿತ್ತು. ಗುಡ್ಡ ಇಳಿದು ಬರುವ ಆ ಗಾಳಿಗೆ ಟೋಪಿ, ಕೊಡೆ, ಮನುಷ್ಯರ ಸಂಯಮ ಯಾವುದೂ ನಿಲ್ಲುವುದಿಲ್ಲ. ಪಕ್ಕದ ಬೆಂಚಿನ ಹೆಂಗಸಿನ ತಟ್ಟೆಯಿಂದ ಚಕ್ಕೆಗಳೆಲ್ಲ ಗುಬ್ಬಿಯ ಹಿಂಡಿನಂತೆ ಎದ್ದು ಹಾರಿದವು.

"ನೋಡು ಮಾರಾಯಾ, ಮೀನು ಹಾರ್ತಾ ಉಂಟು!" ಎಂದು ನಗುತ್ತಲೇ ಲ್ಯಾನ್ಸಿ ಮುಂದಿನ ತುತ್ತನ್ನು ಬಾಯಿಗಿಟ್ಟ.

ಅವುಗಳಲ್ಲೊಂದು ಅವನ ತಟ್ಟೆಗೂ ಇಳಿದದ್ದನ್ನು ನಾವಿಬ್ಬರೂ ಕಾಣಲಿಲ್ಲ.

ನಗು ಅರ್ಧಕ್ಕೆ ನಿಂತಿತು. ತುಟಿ ಊದಿತು, ಕತ್ತು ಕೆಂಪೇರಿತು. "ಪೆನ್ನು..." ಎಂದ, ಆಮೇಲೆ ಬಂದದ್ದು ಮಾತಲ್ಲ, ಶಿಳ್ಳೆಯಂಥ ಉಸಿರು. ಜೇಬಿನಿಂದ ತೆಗೆದ ಪೆನ್ನು ಅವನ ಕೈಯಿಂದ ಜಾರಿ ನನ್ನ ಕಾಲ ಬಳಿ ಬಿತ್ತು. ಮತ್ಸ್ಯನ್ಯಾಯದಲ್ಲಿ ದೊಡ್ಡ ಮೀನು ಚಿಕ್ಕದನ್ನು ನುಂಗುತ್ತದೆಯಂತೆ. ಇಲ್ಲಿ ಉಗುರಿನಷ್ಟು ಮೀನು ಆಳೆತ್ತರದ ಮನುಷ್ಯನನ್ನು ನುಂಗಲು ಹೊರಟಿತ್ತು.

ನಾನೋ, ರಕ್ತಪರೀಕ್ಷೆಗೆ ತೋಳು ಚಾಚಿ ಗೋಡೆಯ ಕ್ಯಾಲೆಂಡರ್ ಓದುವ ವೀರ. ಪೆನ್ನು ಎತ್ತಿಕೊಂಡು ಸುಮ್ಮನೆ ನಿಂತುಬಿಟ್ಟೆ. ಅಷ್ಟರಲ್ಲಿ ಮಿಚಿಕೊ ಒಲೆ ಆರಿಸಿ ಓಡಿಬಂದು, ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಒಂದು ಕೈಯಲ್ಲಿ ಫೋನು ಹಿಡಿದು ಆಂಬುಲೆನ್ಸ್ ಕರೆಯುತ್ತ ನನ್ನತ್ತ ಕೂಗಿದರು: "ಯೂ! ನೌ!"

ಮುಚ್ಚಳ ಕಿತ್ತು, ಪ್ಯಾಂಟಿನ ಮೇಲೆಯೇ ತೊಡೆಗೆ ಒತ್ತಿ ಹಿಡಿದೆ. ಟಕ್ ಎಂದಿತು. ಲ್ಯಾನ್ಸಿಯ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಆ ನೋಟವನ್ನು ಹೇಗೆ ತಡೆದುಕೊಂಡೆನೋ ತಿಳಿಯದು. ಶಿಳ್ಳೆ ಸಣ್ಣಗಾಯಿತು, ಇದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ನನಗೆ ಅರ್ಥವಾಗಲಿಲ್ಲ. ಕೊನೆಗೆ ಅವನ ಎದೆ ನಿರಾಳವಾಗಿ ಏರಿ ಇಳಿಯಿತು. ಆಂಬುಲೆನ್ಸ್ ಬಂದಾಗ ಮಿಚಿಕೊ ಅವನ ತಲೆಯ ಬಳಿ ಬಿಸಿಲಿಗೆ ಅಡ್ಡವಾಗಿ ಕೂತೇ ಇದ್ದರು.

ಸಂಜೆ ಆಸ್ಪತ್ರೆಯ ಮಂಚದ ಮೇಲೆ ಲ್ಯಾನ್ಸಿಗೆ ಮಾತು ಮರಳಿತು. "ಎಂತ ಚುಚ್ಚಿದ್ದು ಮಾರಾಯಾ, ಮೊಳೆ ಹೊಡೆದ ಹಾಗೆ!"

"ಸಿವಿಲ್ ಇಂಜಿನಿಯರ್ ಕಣೋ ನಾನು, ಇನ್ನೇನು ಮಾಡ್ಲಿ?" ಎಂದೆ.

ಆ ಗಡಿಬಿಡಿಯಲ್ಲಿ ಮಿಚಿಕೊ ಅವರ ನಂಬರು ಕೇಳಿಕೊಂಡಿರಲಿಲ್ಲ; ಲ್ಯಾನ್ಸಿ ಚೇತರಿಸಿಕೊಂಡ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಮುಂದಿನ ಶನಿವಾರ ಇಬ್ಬರೂ ಹೋಗಿ ಗಾಳಿಗೆ ಬೆನ್ನಾಗಿ ದೂರದಲ್ಲೇ ನಿಂತೆವು. ಲ್ಯಾನ್ಸಿಯನ್ನು ಕಂಡವರೇ ಅವರು ಕಾವಲಿಯ ಮೇಲಿನದನ್ನು ಹಾಗೆಯೇ ಬಿಟ್ಟರು. ಓಡಿ ಬರುತ್ತಾರೆಂದುಕೊಂಡೆ, ಬರಲಿಲ್ಲ. ಮೊದಲು ಏಪ್ರನ್ ಬಿಚ್ಚಿಟ್ಟರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು, ಅಂಗೈ ಮೂಸಿ ನೋಡಿದರು, ಮತ್ತೊಮ್ಮೆ ತೊಳೆದರು. ಒರೆಸಿಕೊಂಡ ಮೇಲೆಯೇ ಹೊರಗೆ ಬಂದು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.