ಟವೆಲ್ಲಿನ ಕೆಳಗಿನ ಕೈ

ಚನ್ನಪ್ಪ ಡಾಕ್ಟರ್ ಆತ್ರೇಯರನ್ನು ಮೊದಲ ಸಲ ನೋಡಿದ್ದು ೨೦೦೬ರಲ್ಲಿ, ಗೌರಿಹಬ್ಬ ಕಳೆದ ಮೇಲೆ, ಹಾಸನದ ಅವರ ಕ್ಲಿನಿಕ್ಕಿನಲ್ಲಿ. ಒಳಗೆ ಬಂದವನು ಕೂರಲಿಲ್ಲ. ಹಳ್ಳಿಮೈಸೂರಿನ ಈ ದನದ ದಳ್ಳಾಳಿ ಸಂತೆಯಲ್ಲಿ ಎತ್ತನ್ನು ನೋಡುವ ಹಾಗೆಯೇ ಡಾಕ್ಟರನ್ನು ಕಾಲಿನಿಂದ ಶುರುಮಾಡಿ ಮೇಲಕ್ಕೆ ನೋಡಿದ. ಷೂ ಹಳೆಯದು, ಆದರೆ ಪಾಲಿಷ್ ಮಾಡಿತ್ತು. ಉಗುರು ಮಟ್ಟಸವಾಗಿ ಕತ್ತರಿಸಿತ್ತು. ಎಡಗಿವಿಯ ಹತ್ತಿರ ಗಡ್ಡ ಕೆರೆಯುವಾಗ ಬಿಟ್ಟುಹೋದ ಒಂದೆರಡು ಕೂದಲು. ವಯಸ್ಸು ನಲವತ್ತರ ಆಚೀಚೆ ಇರಬೇಕು. ಬಾಯಿ ಬಿಡಿಸಿ ಹಲ್ಲು ನೋಡುವ ಹಾಗಿಲ್ಲದ್ದರಿಂದ ಖಾತ್ರಿಯಾಗಲಿಲ್ಲ.

"ಯಾವೂರು ಸಾ ತಮ್ದು?"

"ರುದ್ರಪಟ್ಟಣ."

"ಸಂಗೀತದೋರ ಊರು ಅಲ್ವಾ? ಅಲ್ಲಿನೋರು ಕುಯ್ಯದು ಯಾವಾಗ ಕಲ್ತ್ರಿ ಸಾ?"

ಹೆಂಡತಿ ಚಿಕ್ಕಲಕ್ಷ್ಮಮ್ಮ ಹಿಂದಿನಿಂದ ಅಂಗಿ ಜಗ್ಗಿದಳು. ಡಾಕ್ಟರ್ ನಕ್ಕರು. "ನನಗೆ ಕಂಠ ಇರಲಿಲ್ಲ, ಈ ಕಡೆ ಬಂದೆ. ಕೂತ್ಕೊಳ್ಳಿ."

ಅವರು ಸ್ಟೆತಾಸ್ಕೋಪನ್ನು ಎದೆಗಿಡದೆ ಕತ್ತಿನ ಎಡಗಡೆಗಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. "ಇಲ್ಲಿ ರಕ್ತನಾಳ ಕಟ್ಟಿಕೊಳ್ತಾ ಇದೆ. ಸಂದಿಯಲ್ಲಿ ರಕ್ತ ನುಗ್ಗೋ ಸದ್ದು ಕೇಳಿಸ್ತಿದೆ."

ಚನ್ನಪ್ಪನಿಗೆ ಅನುಮಾನ ಹುಟ್ಟಿದ್ದು ಆಗಲೇ. ಸಂತೆಯಲ್ಲಿ ಮಾರುವವನು ಐಬು ಮುಚ್ಚಿಡುತ್ತಾನೆ, ಕೊಳ್ಳುವವನು ಬೆಲೆ ಇಳಿಸಲು ಮುಟ್ಟಿದ ತಕ್ಷಣ ಐಬು ಎತ್ತುತ್ತಾನೆ. ಈ ಮನುಷ್ಯ ಮುಟ್ಟಿದ ಕೂಡಲೇ ಐಬು ಎತ್ತಿದನಲ್ಲ, ತನ್ನಿಂದ ಇವನಿಗೆ ಏನು ಬೇಕಾಗಿದೆ?

ಅವನು ಬಂದದ್ದು ಕತ್ತು ತೋರಿಸಲಿಕ್ಕಲ್ಲ, ಕೈ ತೋರಿಸಲಿಕ್ಕೆ. ದನದ ವ್ಯಾಪಾರ ಕುದುರುವುದು ಟವೆಲ್ಲಿನ ಕೆಳಗೆ. ಇಬ್ಬರು ದಳ್ಳಾಳಿಗಳು ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ತಿಳಿಸುತ್ತಾರೆ. ಸುತ್ತಲಿನವರಿಗೆ ಗೊತ್ತಾಗಬಾರದೆಂದು ಬಾಯಿ ಬಿಡುವಂತಿಲ್ಲ. ಒಪ್ಪಿಗೆಯಾದರೆ ಕೈ ಒತ್ತಬೇಕು, ಇಲ್ಲವಾದರೆ ಸಡಿಲ ಬಿಡಬೇಕು. ಒತ್ತಿದ ಮೇಲೆ ಬಿಟ್ಟವನು ಮಾತಿಗೆ ತಪ್ಪಿದವನು. ಚನ್ನರಾಯಪಟ್ಟಣದ ಸಂತೆಯಲ್ಲಿ ಹಿರೀಸಾವೆಯ ದಳ್ಳಾಳಿ ಪಾಲಾಕ್ಷನ ಕೈಯನ್ನು ಒತ್ತಿ ಹಿಡಿದಿದ್ದಾಗ, ಚನ್ನಪ್ಪನ ಬಲಗೈ ನೀರು ಸೋಕಿದ ಹಪ್ಪಳದಂತೆ ಮೆತ್ತಗಾಗಿ ಜಾರಿಬಿಟ್ಟಿತು.

"ಒತ್ತಿದ್ ಕೈ ಬುಡ್ತೀಯಲ್ಲಾ, ಮೀಸೆ ಯಾಕ್ಲಾ ನಿಂಗೆ?" ಎಂದು ಪಾಲಾಕ್ಷ ಟವೆಲ್ ಕಿತ್ತು ಜನರ ನಡುವೆ ಕೂಗಿದ. ಉತ್ತರ ಕೊಡಹೋದರೆ ಚನ್ನಪ್ಪನ ನಾಲಿಗೆ ಹೊರಳಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಸುಧಾರಿಸಿಕೊಳ್ಳುವಷ್ಟರಲ್ಲಿ ಕೈಯೂ ನಾಲಿಗೆಯೂ ನೆಟ್ಟಗಾದವು. ಆದರೆ ಸುದ್ದಿ ಸಂತೆಯೆಲ್ಲ ಹರಡಿತ್ತು. ಮುಂದಿನ ಸಂತೆಯಲ್ಲಿ ಅವನ ಟವೆಲ್ಲಿನ ಕೆಳಗೆ ಯಾರೂ ಕೈ ಚಾಚಲಿಲ್ಲ. ಪಾಲಾಕ್ಷನೇ ಎಲೆಅಡಿಕೆಯಲ್ಲಿ ಏನೋ ಹಾಕಿಕೊಟ್ಟಿದ್ದಾನೆ ಎಂದು ಚನ್ನಪ್ಪ ನಂಬಿದ್ದ. ಡಾಕ್ಟರಿಗೂ ಹಾಗೇ ಹೇಳಿದ.

"ಎಲೆಅಡಿಕೆ ಅಲ್ಲ," ಎಂದರು ಡಾಕ್ಟರ್. "ಕತ್ತಿನಿಂದ ಮೆದುಳಿಗೆ ಹೋಗೋ ರಕ್ತ ಒಂದು ಗಳಿಗೆ ತಡೆದಿತ್ತು. ಈ ಸಲ ಕೈ ವಾಪಸು ಬಂತು. ಮುಂದಿನ ಸಲ ಬರದೇ ಇರಬಹುದು."

ಮೈಸೂರಿನ ಆಸ್ಪತ್ರೆಯೊಂದರಲ್ಲಿ ತಾವೇ ಸ್ಟೆಂಟ್ ಹಾಕುವುದಾಗಿ ಹೇಳಿದರು. ತೊಡೆಯ ಸಂದಿಯ ರಕ್ತನಾಳದಿಂದ ತೆಳುವಾದ ತಂತಿ ಏರಿಸಿ, ಕತ್ತಿನಲ್ಲಿ ಜಾಲರಿಯಂಥ ಕೊಳವೆ ಬಿಡಿಸಿ ದಾರಿ ಅಗಲ ಮಾಡುವುದು. ಅಲ್ಲಿಯವರೆಗೆ ದಿನವೂ ರಕ್ತ ತೆಳುವಾಗಿಸುವ ಮಾತ್ರೆ, ಬೀಡಿ ಬಂದ್.

"ಕಾಯ್ಲೆ ಕತ್ತಿಗೆ, ತೂತು ತೊಡೆಗೆ! ಇದ್ಯಾವ ನ್ಯಾಯ?" ಎಂದು ಚನ್ನಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ. ಮನೆಯಲ್ಲಿ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು, ಹಿತ್ತಲಲ್ಲಿ ಉಗಿಯುತ್ತಿದ್ದ. ಚಿಕ್ಕಲಕ್ಷ್ಮಮ್ಮನಿಗೂ ಅನುಮಾನಕ್ಕೇನು ಬರವಿರಲಿಲ್ಲ. ಇಂಥ ಗಂಡನ ಜೊತೆ ಬಾಳಿದವಳು. ಒಂದು ಬೆಳಗ್ಗೆ ಹಿತ್ತಲ ಬಾಗಿಲಲ್ಲೇ ಹಿಡಿದಳು. ಕೈಯಲ್ಲಿ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವಿತ್ತು.

"ನೀನಾಗೇ ನುಂಗ್ತೀಯೋ, ಇದ್ರಲ್ಲಿ ಉಯ್ಲೋ?"

"ಆ ಡಾಕ್ಟ್ರು ನಿಂಗೇನು ಕಮಿಸನ್ ಕೊಡ್ತಾನಾ?"

"ಊ ಕಣ, ಕೊಡ್ತಾನೆ. ನಿನ್ನ ಕೈ ಬಿದ್ದೋದ್ರೆ ತುತ್ತು ಇಕ್ಕೋಳು ನಾನು. ಬಾಯ್ ತೆಗಿ."

ಅಂದಿನಿಂದ ನುಂಗಿದ, ನಾಲಿಗೆ ಎತ್ತಿ ತೋರಿಸಿದ.

ಮೈಸೂರಿನಲ್ಲಿ ತೊಡೆಯ ಕೂದಲು ಬೋಳಿಸಿದರು, ಉಪವಾಸ ಇಟ್ಟರು. ಮಂಪರು ಬರಿಸದೆ ಎಚ್ಚರವಾಗಿಯೇ ಮಲಗಿಸಿದ್ದು ಅವನಿಗೆ ಇನ್ನೊಂದು ಅನುಮಾನ. ಮೈಮೇಲೆ ಹಸಿರು ಬಟ್ಟೆ ಹೊದಿಸಿದರು. ಆ ಬಟ್ಟೆಯ ಕೆಳಗೆ ನರ್ಸ್ ಚೂಡಾಮಣಿ ಕೈತೂರಿಸಿ ತನ್ನ ಎರಡು ಬೆರಳನ್ನು ಅವನ ಬಲಗೈಗೆ ಕೊಟ್ಟಳು.

"ಡಾಕ್ಟರ್ ಹೇಳಿದಾಗ ನನ್ನ ಕೈ ಒತ್ತಬೇಕು."

ಬಟ್ಟೆಯ ಕೆಳಗೆ ಕೈ, ಕೈಯಲ್ಲಿ ಎರಡು ಬೆರಳು. ಅತ್ತ ಡಾಕ್ಟರ್ ಪಕ್ಕದವರೊಡನೆ, "ಚಿಕ್ಕದು ಸಾಲದು, ದೊಡ್ಡದೇ ಹಾಕೋಣ" ಎನ್ನುತ್ತಿದ್ದರು. ತನ್ನ ತಲೆಯ ಮೇಲೇ ಏನೋ ಕುದುರುತ್ತಿದೆ, ಒಪ್ಪಿಗೆ ಮಾತ್ರ ತನ್ನಿಂದ ಬೇಕಾಗಿದೆ!

"ಚನ್ನಪ್ಪನವರೇ, ಈಗ ಒತ್ತಿ."

ಅವನು ಬೆರಳು ಸಡಿಲ ಬಿಟ್ಟ.

"ಬಲಗೈ ಒತ್ತಿ. ಕೇಳಿಸ್ತಾ? ನಿಮ್ಮ ಹೆಸರು ಹೇಳಿ."

ಕುದುರಿಸುವಾಗ ಬಾಯಿ ಬಿಡಬಾರದು. ಅವನು ತುಟಿ ಬಿಗಿದುಕೊಂಡ.

ಯಾರೋ ಓಡಿದರು. ಇನ್ಯಾರೋ ಸೂಜಿಮದ್ದು ಒಡೆದರು. ಡಾಕ್ಟರ್ ಅವನ ಮುಖದ ಮೇಲೆ ಬಾಗಿದರು. ಮುಖಗವಸಿನ ಮೇಲಿನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಸಂತೆಯಲ್ಲಿ ಕಣ್ಣು ಓದಿಯೇ ಬದುಕಿದವನು ಚನ್ನಪ್ಪ. ಆಸೆಯ ಕಣ್ಣು, ಕಳ್ಳ ಕಣ್ಣು, ಎಲ್ಲ ಗೊತ್ತಿತ್ತು. ಇವು ಹೆದರಿದ ಕಣ್ಣು. ಎತ್ತು ಕಾಲು ಮುರಿದುಕೊಂಡು ಬಿದ್ದಾಗ ಅದನ್ನು ಸಾಕಿದವನಿಗೆ ಬರುವಂಥವು. ವ್ಯಾಪಾರ ಮಾಡುವವನಿಗೆ ಅವು ಬರುವುದಿಲ್ಲ.

"ಕೈ, ಚನ್ನಪ್ಪನವರೇ, ಕೈ!"

ಚನ್ನಪ್ಪ ಒತ್ತಿದ. ಚೂಡಾಮಣಿ "ಅಯ್ಯಮ್ಮಾ!" ಎಂದು ಕಿರುಚಿದಳು.

"ಏನ್ ಯಾಪಾರ ಅಂತ ಏಳ್ದೆ ಕೈ ಒತ್ತು ಅಂದ್ರೆ ಎಂಗೆ ಸಾ?"

ಡಾಕ್ಟರ್ ಉಸಿರು ಬಿಟ್ಟರು. "ಕೈ ಆಡ್ತಿದ್ರೆ ಮೆದುಳಿಗೆ ರಕ್ತ ಸರಿಯಾಗಿ ಹೋಗ್ತಿದೆ ಅಂತ ಅರ್ಥ ಕಣ್ರೀ. ಅಷ್ಟೇ. ನಾನೇ ಮೊದಲು ಹೇಳಬೇಕಿತ್ತು. ಇನ್ನೊಂದು ಸಲ ಹೀಗೆ ಮಾಡಿದ್ರೆ ನನಗೇ ಸ್ಟೆಂಟ್ ಹಾಕಬೇಕಾಗುತ್ತೆ."

ಆಮೇಲೆ ಕೇಳಿದಾಗಲೆಲ್ಲ ಒತ್ತಿದ. ಸ್ಟೆಂಟ್ ಕೂತಿತು. ಕಾಲು ಮಡಚದೆ ಅಂಗಾತ ಮಲಗಿರಬೇಕೆಂದರು. ಚಿಕ್ಕಲಕ್ಷ್ಮಮ್ಮ ಮೊಣಕಾಲಿನ ಮೇಲೆ ಕೈ ಊರಿ ಕಾವಲು ಕೂತಳು. ತೊಡೆ ನೇರಳೆ ಬಣ್ಣಕ್ಕೆ ತಿರುಗಿದಾಗ, "ನೋಡು, ಐಬು ಮಾಡೇ ಕಳಿಸ್ತಾವ್ರೆ" ಎಂದ. ಬಣ್ಣ ಹಳದಿಯಾಗಿ ಮಾಯವಾಗುವವರೆಗೂ ಊರಿನಲ್ಲಿ ಕಂಡವರಿಗೆಲ್ಲ ಪಂಚೆ ಸರಿಸಿ ತೋರಿಸಿದ.

ಕೈ ಮೊದಲಿನಂತಾಗಿದೆ ಎಂದು ಡಾಕ್ಟರ್ ಹೇಳಿದರು. ಆದರೆ ಸಂತೆಯವರು ನಂಬಬೇಕಲ್ಲ?

ವಿಷಯ ಕೇಳಿ ಪಾಲಾಕ್ಷ ಒಂದು ಮಧ್ಯಾಹ್ನ ಮೂಸಂಬಿ ಹಿಡಿದು ಹಳ್ಳಿಮೈಸೂರಿಗೆ ಬಂದ. ಚನ್ನಪ್ಪ ಒಂದು ಹಣ್ಣನ್ನು ಮೂಸಿ ನೋಡಿದ.

"ಇಸ ಆಕಿಲ್ಲ, ತಿನ್ಲಾ," ಎಂದ ಪಾಲಾಕ್ಷ. "ಅವತ್ತು ನಿನ್ ಕೈ ಬಿದ್ದೋಯ್ತು ಅಂತ ನಂಗೇನ್ ಗೊತ್ತು? ಕೈ ತಾ ಇಲ್ಲಿ." ಹೆಗಲ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹಾಕಿದ.

ಚನ್ನಪ್ಪ ಒತ್ತಿದ.

"ಬುಡ್ಲಾ! ಮೂಳೆ ಮುರುದ್ಬುಡ್ತೀಯ!"

"ಒತ್ತಿದ್ ಕೈ ಬುಡಬಾರ್ದು ಅಂದೋನು ನೀನೇ ಕಣ್ಲಾ."

ಪಾಲಾಕ್ಷ ಕೈ ಉಜ್ಜಿಕೊಳ್ಳುತ್ತಾ, ಮುಂದಿನ ಸಂತೆಯಲ್ಲಿ ಎಲ್ಲರ ಎದುರಿಗೆ ಅವನ ಟವೆಲ್ಲಿನ ಕೆಳಗೆ ಕುದುರುವ ಮೊದಲ ಜೋಡಿ ಎತ್ತು ತನ್ನದೇ ಎಂದು ಹೇಳಿಹೋದ. ಹೇಳಿದಂತೆ ನಡೆದುಕೊಂಡ.

ಈಗ ಚನ್ನಪ್ಪ ದಿನವೂ ಬೆಳಗ್ಗೆ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ ನುಂಗುತ್ತಾನೆ. ಸಂತೆಯ ದಿನ ಚನ್ನರಾಯಪಟ್ಟಣಕ್ಕೆ ಹೋಗಿ ದನದ ದಳ್ಳಾಳಿತನ ಮಾಡುತ್ತಾನೆ.